ವಾದವೂ ಜಲ್ಪವೂ: ಪ್ರೌಢಶಾಲೆಗಳ ವಿಜ್ಞಾನ ಚರ್ಚಾಸ್ಪರ್ಧೆಗಳು

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ಭರತಖಂಡದ ಪ್ರಾಚೀನ ತಾರ್ಕಿಕರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ ಆ ಮೂರಕ್ಕೂ ಲಕ್ಷಣ ಹೇಳಿದೆ. ತತ್ತ್ವನಿರ್ಣಯವೇ ಗುರಿಯಾಗಿ, ಪ್ರಮಾಣಗಳನ್ನು ಮುಂದಿಟ್ಟುಕೊಂಡು ನಡೆಯತಕ್ಕದ್ದು ವಾದ. ಗೆಲುವೊಂದೇ ಗುರಿಯಾಗಿ, ಹೇಗಾದರೂ ಎದುರಾಳಿಯ ಬಾಯಿ ಮುಚ್ಚಿಸತಕ್ಕದ್ದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಪರಪಕ್ಷವನ್ನು ಕೆಡಹುವುದರಲ್ಲಿಯೇ ತೃಪ್ತಿಗೊಳ್ಳತಕ್ಕದ್ದು ವಿತಂಡೆ. ಜಲ್ಪದಲ್ಲಿ ಛಲಕ್ಕೂ ಎಡೆಯುಂಟು. ಛಲವೆಂದರೆ ಇಲ್ಲಿ ಹಟವಲ್ಲ, ಎದುರಾಳಿಯ ಮಾತಿಗೆ ಅವನು ಎಣಿಸದ ಅರ್ಥವನ್ನು ಹಚ್ಚುವ ಕುಯುಕ್ತಿ. ಈ ಮೂರು ಪದಗಳಲ್ಲಿ ಮೊದಲನೆಯದೂ ಮೂರನೆಯದೂ ಇಂದಿಗೂ ಕನ್ನಡಿಗರ ಬಾಯಲ್ಲಿವೆ. ನಡುವಣ ಜಲ್ಪವೆಂಬ ಹೆಸರು ಮರೆತುಹೋಗಿದೆ. ಹೆಸರು ಮರೆತರೂ ಆ ವಸ್ತು ಮಾತ್ರ ಶಾಲೆಗಳ ವೇದಿಕೆಯ ಮೇಲೆ ಪ್ರತಿವರ್ಷವೂ ಬಹುಮಾನ ಪಡೆಯುತ್ತಲೇ ಇದೆ.

ಈ ವಿವೇಕವು ತರ್ಕಶಾಸ್ತ್ರಿಗಳ ಸ್ವತ್ತು ಮಾತ್ರವಾಗಿರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ವೈದ್ಯನು ವೈದ್ಯನೊಡನೆ ಶಾಸ್ತ್ರವಿಷಯವಾಗಿ ಹೇಗೆ ಮಾತಾಡತಕ್ಕದ್ದೆಂಬುದನ್ನು ವಿಸ್ತಾರವಾಗಿ ತಿಳಿಸುತ್ತದೆ. ಅಲ್ಲಿ ಸಂಧಾಯಸಂಭಾಷೆಯೆಂದೂ ವಿಗೃಹ್ಯಸಂಭಾಷೆಯೆಂದೂ ಎರಡು ಬಗೆ. ಮೊದಲನೆಯದು ಸ್ನೇಹದಿಂದ ಕೂಡಿ ಕುಳಿತು, ಶಂಕೆಗಳನ್ನು ನಿಸ್ಸಂಕೋಚವಾಗಿ ಕೇಳಿ, ಸೋಲಿಗೆ ಅಂಜದೆ, ಗೆದ್ದುದಕ್ಕೆ ಹಿಗ್ಗದೆ ನಡೆಯಿಸುವ ಮಾತುಕತೆ. ಎರಡನೆಯದು ಹಗೆತನದ ಚರ್ಚೆ. ಅಲ್ಲಿ ಎದುರಾಳಿಯ ಬಲಾಬಲವನ್ನೂ ಸಭೆಯ ಮನೋಧರ್ಮವನ್ನೂ ಅಳೆದು ಪೆಟ್ಟು ಹಾಕಬೇಕಾದ ಉಪಾಯಗಳನ್ನು ಸಂಹಿತೆಯು ಮುಚ್ಚುಮರೆಯಿಲ್ಲದೆ ಹೇಳಿಕೊಡುತ್ತದೆ. ರೋಗಿಯ ಪ್ರಾಣವೇ ಪಣವಾಗಿರುವ ವಿದ್ಯೆಯಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಹೆಸರಿಸಿದ್ದು ಸಾಮಾನ್ಯವಾದ ಸಂಗತಿಯಲ್ಲ. ವಿಜ್ಞಾನದ ಚರ್ಚೆಯೆಂಬುದು ಪಶ್ಚಿಮದಿಂದ ಬಂದ ಹೊಸ ಪದ್ಧತಿಯೆಂದು ತಿಳಿದವರು ಈ ಅಧ್ಯಾಯವನ್ನೊಮ್ಮೆ ತಿರುವಿಹಾಕಬಹುದು.

ಮಠದ ಭಕ್ತರಿಗಾದರೋ ಇದಕ್ಕಿಂತ ಹತ್ತಿರದ ನಿದರ್ಶನವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಗೋಷ್ಠಿಯನ್ನು ಮುಂದಿನವರು ಶೂನ್ಯಸಂಪಾದನೆಯಾಗಿ ಸಂಕಲಿಸಿದಾಗ ಅದಕ್ಕೆ ಕೊಟ್ಟ ರೂಪ ಸಂವಾದದ್ದೇ. ಅಲ್ಲಿ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಕೇಳುವ ಪ್ರಶ್ನೆಗಳು ಮೃದುವಾದುವಲ್ಲ. ಆದರೆ ಆ ಪ್ರಶ್ನೆಗಳ ಉದ್ದೇಶ ಉತ್ತರಿಸುವವಳನ್ನು ಕೆಡಹುವುದಲ್ಲ, ಆಕೆಯ ಅನುಭವದ ಗಟ್ಟಿತನವನ್ನು ಸಭೆಗೆ ಕಾಣಿಸುವುದು. ಇಂದಿನ ಪ್ರಸ್ತಾವವು ಪ್ರೌಢಶಾಲೆಯ ಮಕ್ಕಳ ವಿಜ್ಞಾನಚರ್ಚೆಯನ್ನು ಕುರಿತದ್ದಾದುದರಿಂದ ಇದನ್ನು ಇಷ್ಟಕ್ಕೇ ನಿಲ್ಲಿಸುವುದು ಯುಕ್ತ.

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಈ ಬಗೆಯ ಸ್ಪರ್ಧೆಗಳು ಹಲವು ನಡೆಯುತ್ತವೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಚರ್ಚಾಸ್ಪರ್ಧೆಗೆ ಸ್ಥಾನವಿದೆ. ಮಕ್ಕಳು ಕ್ಲಸ್ಟರಿನಿಂದ ತಾಲೂಕಿಗೂ, ತಾಲೂಕಿನಿಂದ ಜಿಲ್ಲೆಗೂ ಏರಿಹೋಗುತ್ತಾರೆ. ವಿಜ್ಞಾನಕ್ಕೇ ಮೀಸಲಾದದ್ದು ವಿಜ್ಞಾನ ವಿಚಾರಗೋಷ್ಠಿ. ದೇಶದ ವಿಜ್ಞಾನ ವಸ್ತುಸಂಗ್ರಹಾಲಯಗಳ ರಾಷ್ಟ್ರೀಯ ಪರಿಷತ್ತು ಇದನ್ನು ನಡೆಯಿಸುತ್ತದೆ. ದಕ್ಷಿಣದಲ್ಲಿ ಇದರ ಹೊಣೆ ಹೊತ್ತಿರುವುದು ೧೯೬೨ರಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರಿಂದ ಉದ್ಘಾಟನೆಗೊಂಡ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ವರ್ಷಕ್ಕೊಂದು ವಿಷಯ. ೨೦೧೬ರಲ್ಲಿ ದ್ವಿದಳ ಧಾನ್ಯಗಳು, ೨೦೧೮ರಲ್ಲಿ ನಾಲ್ಕನೆಯ ಕೈಗಾರಿಕಾ ಕ್ರಾಂತಿ, ೨೦೧೯ರಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕ, ೨೦೨೪ರಲ್ಲಿ ಕೃತಕ ಬುದ್ಧಿಮತ್ತೆ. ೨೦೨೩ರ ವಿಷಯವು ಚರ್ಚೆಗೆಂದೇ ಹೇಳಿಮಾಡಿಸಿದಂತಿತ್ತು: ಸಿರಿಧಾನ್ಯವು ಶ್ರೇಷ್ಠ ಆಹಾರವೋ, ಬರಿಯ ಹೊಸ ಶೋಕಿಯೋ? ವಿದ್ಯಾರ್ಥಿಯು ಕೆಲವೇ ನಿಮಿಷಗಳಲ್ಲಿ ಚಿತ್ರಪಟಗಳ ನೆರವಿನಿಂದ ವಿಷಯವನ್ನು ಮಂಡಿಸಿ, ಬಳಿಕ ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು. ಇದಲ್ಲದೆ ೧೯೯೩ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶವುಂಟು. ಅಲ್ಲಿ ಮಕ್ಕಳು ತಮ್ಮೂರಿನದೇ ಆದ ಒಂದು ಸಮಸ್ಯೆಯನ್ನು ಹಿಡಿದು ಅಳೆದು ಬರೆದು ಮಂಡಿಸುತ್ತಾರೆ. ಈ ಎಲ್ಲದರೊಳಗೆ ಗುಣದಲ್ಲಿ ಈ ಕಡೆಯದೇ ಹೆಚ್ಚಿನದೆಂದು ಹೇಳದೆ ವಿಧಿಯಿಲ್ಲ.

ಕೊರತೆ ಎಲ್ಲಿದೆ? ಸಾಧಾರಣವಾದ ಶಾಲಾ ಚರ್ಚಾಸ್ಪರ್ಧೆಯಲ್ಲಿದೆ. ಅದು ನಡೆಯುವ ಕ್ರಮ ಎಲ್ಲರೂ ಬಲ್ಲದ್ದೇ. ವಿಷಯವನ್ನು ಕೊಡುತ್ತಾರೆ, ಚೀಟಿಯೆತ್ತಿ ಪರ ಅಥವಾ ವಿರೋಧ ಎಂಬುದನ್ನು ನಿಶ್ಚಯಿಸುತ್ತಾರೆ, ಉಪಾಧ್ಯಾಯರೋ ತಂದೆಯೋ ಬರೆದುಕೊಟ್ಟದ್ದನ್ನು ಹುಡುಗನು ಉರುಹಾಕುತ್ತಾನೆ, ಗಂಟೆ ಬಾರಿಸುವುದರೊಳಗಾಗಿ ಏರುದನಿಯಲ್ಲಿ ಒಪ್ಪಿಸುತ್ತಾನೆ. ಎದುರು ಪಕ್ಷದವನು ಏನು ಹೇಳಿದನೆಂಬುದನ್ನು ಅವನು ಕೇಳಿಯೇ ಇರುವುದಿಲ್ಲ, ತನ್ನ ಮುಂದಿನ ವಾಕ್ಯ ಮರೆತೀತೆಂಬ ಭಯ ಅವನಿಗೆ. ಅಂಕಗಳು ಉಚ್ಚಾರಣೆಗೆ, ಹಾವಭಾವಕ್ಕೆ, ಧೈರ್ಯಕ್ಕೆ. ವಿಷಯಗಳಾದರೋ ಮೂರು ತಲೆಮಾರುಗಳಿಂದ ಅವೇ. ವಿಜ್ಞಾನವು ವರವೋ ಶಾಪವೋ ಎಂಬ ಪ್ರಶ್ನೆಯನ್ನು ಅಜ್ಜನೂ ಚರ್ಚಿಸಿದನು, ಮೊಮ್ಮಗಳೂ ಚರ್ಚಿಸುತ್ತಿದ್ದಾಳೆ. ಲೋಕದ ಯಾವ ಪ್ರಯೋಗಶಾಲೆಯಲ್ಲಿಯೂ ಅದನ್ನು ತೀರ್ಮಾನಿಸತಕ್ಕ ಉಪಕರಣವಿಲ್ಲವಾದುದರಿಂದ ಮರಿಮೊಮ್ಮಕ್ಕಳಿಗೂ ಅದು ಉಳಿದೀತು. ಇಂಥ ಸ್ಪರ್ಧೆಯು ನಾಲಗೆಯನ್ನು ಹರಿತಮಾಡುವುದರಲ್ಲಿ ಅನುಮಾನವಿಲ್ಲ. ಆದರೆ ಹದಿನಾಲ್ಕು ವರ್ಷದ ಬಾಲಕನ ಮನಸ್ಸಿನಲ್ಲಿ ಅದು ಬೇರೊಂದು ಪಾಠವನ್ನೂ ಬಿತ್ತುತ್ತದೆ. ಚೀಟಿಯಲ್ಲಿ ಬಂದ ಪಕ್ಷವೇ ಸತ್ಯದ ಪಕ್ಷ; ಮಾತಿನ ಮಧ್ಯದಲ್ಲಿ ಎದುರಾಳಿಯ ಯುಕ್ತಿ ಸರಿಯೆಂದು ಕಂಡರೂ ಒಪ್ಪಿಕೊಂಡವನು ಸೋತವನು. ವಿಜ್ಞಾನದ ಹೆಸರಿನಲ್ಲಿ ವಿಜ್ಞಾನಕ್ಕೆ ತೀರ ವಿರುದ್ಧವಾದದ್ದನ್ನು ಕಲಿಸಿದಂತಾಯಿತು.

ವಿಜ್ಞಾನಿಗಳ ಚರ್ಚೆ ಹೇಗೆ ಮುಗಿಯುತ್ತದೆಂಬುದಕ್ಕೆ ಖಗೋಳಶಾಸ್ತ್ರದಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗವಿದೆ. ೧೯೨೦ನೆಯ ಇಸವಿ ಏಪ್ರಿಲ್ ೨೬ರಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಹಾರ್ಲೋ ಶಾಪ್ಲಿ, ಹೀಬರ್ ಕರ್ಟಿಸ್ ಎಂಬ ಇಬ್ಬರು ಖಗೋಳಜ್ಞರು ವಿಶ್ವದ ವಿಸ್ತಾರವನ್ನು ಕುರಿತು ಎದುರುಬದುರಾಗಿ ಭಾಷಣ ಮಾಡಿದರು. ಆಕಾಶಗಂಗೆಯು ಬಹು ವಿಸ್ತಾರವಾದದ್ದು, ಸೂರ್ಯನು ಅದರ ಕೇಂದ್ರದಿಂದ ಬಹುದೂರದಲ್ಲಿದ್ದಾನೆ, ಸುರುಳಿಯಾಕಾರದ ನೀಹಾರಿಕೆಗಳು ಅದಕ್ಕೆ ಸಮನಾದ ಬೇರೆ ಜಗತ್ತುಗಳಲ್ಲ ಎಂಬುದು ಶಾಪ್ಲಿಯ ಪಕ್ಷ. ಆ ನೀಹಾರಿಕೆಗಳು ಒಂದೊಂದೂ ಬೇರೊಂದು ಆಕಾಶಗಂಗೆಯೇ, ಸೂರ್ಯನು ಮಾತ್ರ ಇಲ್ಲಿಯ ನಕ್ಷತ್ರವ್ಯೂಹದ ಕೇಂದ್ರಕ್ಕೆ ಸಮೀಪದಲ್ಲಿದ್ದಾನೆ ಎಂಬುದು ಕರ್ಟಿಸನ ಪಕ್ಷ. ಅಂದಿನ ಸಭೆಯಲ್ಲಿ ಯಾರು ಚೆನ್ನಾಗಿ ಮಾತಾಡಿದರೆಂಬುದು ಇಂದು ಯಾರಿಗೂ ಮುಖ್ಯವಲ್ಲ. ೧೯೨೩ರ ಅಕ್ಟೋಬರಿನಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಅಂಗುಲದ ದೂರದರ್ಶಕದಿಂದ ಎಡ್ವಿನ್ ಹಬಲ್ ತೆಗೆದ ಛಾಯಾಚಿತ್ರದಲ್ಲಿ ದೇವಯಾನಿ ನೀಹಾರಿಕೆಯೊಳಗೆ ಬೆಳಕು ಏರಿಳಿಯುವ ನಕ್ಷತ್ರವೊಂದು ಕಂಡಿತು. ಅದರಿಂದ ದೂರವನ್ನು ಗಣಿಸಿದಾಗ ನೀಹಾರಿಕೆಗಳ ವಿಷಯದಲ್ಲಿ ಕರ್ಟಿಸನ ಮಾತು ನಿಂತಿತು. ಸೂರ್ಯನ ಸ್ಥಾನದ ವಿಷಯದಲ್ಲಿ ಶಾಪ್ಲಿಯ ಮಾತು ನಿಂತಿತು. ಇಬ್ಬರೂ ಅರ್ಧ ಗೆದ್ದರು, ಅರ್ಧ ಸೋತರು. ಹಬಲನ ಪತ್ರ ಕೈಸೇರಿದ ಬಳಿಕ ಶಾಪ್ಲಿಯು ತನ್ನ ಪಕ್ಷವನ್ನು ಬಿಟ್ಟುಕೊಟ್ಟನು. ಅದರಿಂದ ಅವನ ಗೌರವ ಕುಂದಲಿಲ್ಲ.

ಬಿಟ್ಟುಕೊಡುವುದು ಸುಲಭವಲ್ಲವೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ಸರ್ ಸಿ. ವಿ. ರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದು, ಜರ್ಮನಿಯಿಂದ ಹೊರಬರಬೇಕಾಗಿದ್ದ ಮ್ಯಾಕ್ಸ್ ಬಾರ್ನ್ ಎಂಬ ಭೌತವಿಜ್ಞಾನಿಯನ್ನು ೧೯೩೫ರಲ್ಲಿ ತಾವೇ ಆದರದಿಂದ ಕರೆಯಿಸಿಕೊಂಡರು. ಮುಂದೆ ೧೯೪೦ರ ದಶಕದಲ್ಲಿ ಹರಳುಗಳೊಳಗೆ ಪರಮಾಣುಗಳು ಹೇಗೆ ಕಂಪಿಸುತ್ತವೆಂಬ ವಿಷಯದಲ್ಲಿ ಈ ಇಬ್ಬರಿಗೂ ತೀವ್ರವಾದ ಭಿನ್ನಾಭಿಪ್ರಾಯ ಬಂದಿತು. ರಾಮನ್ ಅವರು ವಜ್ರದ ಹರಳುಗಳನ್ನು ಕಲೆಹಾಕಿ ಅವುಗಳ ಬೆಳಕಿನ ರೋಹಿತಗಳನ್ನು ಪ್ರಮಾಣವಾಗಿ ಒಡ್ಡಿದರು. ೧೯೫೦ರ ದಶಕದಲ್ಲಿ ನ್ಯೂಟ್ರಾನುಗಳನ್ನು ಹರಳಿನೊಳಗೆ ಹಾಯಿಸಿ ಕಂಪನಗಳನ್ನು ನೇರವಾಗಿ ಅಳೆಯುವ ಉಪಾಯ ಒದಗಿದಾಗ ನಿರ್ಣಯವು ಬಾರ್ನನ ಕಡೆಗೆ ಆಯಿತು. ರಾಮನ್ ಅವರು ಮಾತ್ರ ತಮ್ಮ ಮತವನ್ನು ಬಿಡಲಿಲ್ಲ. ಅವರ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. ಅಷ್ಟು ದೊಡ್ಡವರಿಗೂ ಕಷ್ಟವಾದದ್ದನ್ನು ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸಮಾಡಿಸಬೇಕೆಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಈ ಮಾತುಗಳು ಬೆಂಗಳೂರು ವಾಷಿಂಗ್ಟನ್ನುಗಳಿಗೆ ಸರಿಯೇ, ಹಳ್ಳಿಯ ಶಾಲೆಗೆ ಇವುಗಳಿಂದ ಏನು ಪ್ರಯೋಜನವೆಂದು ಕೇಳುವವರುಂಟು. ಆದುದರಿಂದ ದೊಡ್ಡ ಪಟ್ಟಣವಲ್ಲದ ಒಂದು ಊರನ್ನೇ ನಿದರ್ಶನಕ್ಕೆ ತೆಗೆದುಕೊಳ್ಳುವುದು ಲೇಸು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ, ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಫಲ್ಗುಣಿಯ ದಡದ ಮೇಲೆ ವೇಣೂರು ಇದೆ. ಅಜಿಲ ಮನೆತನದ ತಿಮ್ಮರಾಜನು ೧೬೦೪ರಲ್ಲಿ ನಿಲ್ಲಿಸಿದ ೩೫ ಅಡಿ ಎತ್ತರದ ಬಾಹುಬಲಿಯಿಂದ ಆ ಊರು ಪ್ರಸಿದ್ಧವಾಗಿದೆ. ೨೦೨೪ರಲ್ಲಿ ಅಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಸುತ್ತಲೂ ಅಡಿಕೆ ತೋಟಗಳು. ಇಂಥ ಊರಿನ ಮಕ್ಕಳಿಗೆ ಚರ್ಚಿಸಲು ವಿಷಯವನ್ನು ಹೊರಗಿನಿಂದ ತರಬೇಕಾಗಿಲ್ಲ. ಆ ಏಕಶಿಲೆಯ ತೂಕವೆಷ್ಟು, ನಾನ್ನೂರು ವರ್ಷಗಳ ಹಿಂದೆ ಯಂತ್ರಗಳಿಲ್ಲದೆ ಅದನ್ನು ಹೇಗೆ ಎತ್ತಿ ನಿಲ್ಲಿಸಿದರು ಎಂಬುದೇ ಮೊದಲನೆಯ ವಿಷಯ. ಇದನ್ನು ಊಹೆಯಿಂದ ಚರ್ಚಿಸಬಾರದು. ಒಂದಡಿ ಎತ್ತರದ ಪ್ರತಿಮೆಯೊಂದನ್ನು ಅದೇ ಪ್ರಮಾಣದಲ್ಲಿ ಜೇಡಿಮಣ್ಣಿನಿಂದ ಮಾಡಿ, ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದು, ಮೂವತ್ತೈದನ್ನು ಮೂರು ಸಲ ತನ್ನಿಂದಲೇ ಗುಣಿಸಿದ ಸಂಖ್ಯೆಯಿಂದ, ಎಂದರೆ ೪೨,೮೭೫ರಿಂದ, ಹೆಚ್ಚಿಸಿದರೆ ಮೂಲವಿಗ್ರಹದ ಗಾತ್ರ ಸುಮಾರಾಗಿ ಸಿಗುತ್ತದೆ. ಕಣಶಿಲೆಯ ಘನಮೀಟರಿಗೆ ಸುಮಾರು ೨,೭೦೦ ಕಿಲೋಗ್ರಾಮಿನಂತೆ ತೂಕವೂ ಸಿಗುತ್ತದೆ. ಆಮೇಲೆ ಎಷ್ಟು ಮಂದಿ, ಎಂಥ ಹಗ್ಗ, ಎಷ್ಟು ಇಳಿಜಾರು ಎಂಬ ಚರ್ಚೆಗೆ ತಳಹದಿ ದೊರೆತಂತಾಯಿತು.

ಆದರೆ ಪ್ರತಿಮೆಯ ತೂಕದಲ್ಲಿ ಯಾರ ಹೊಟ್ಟೆಯ ಪಾಡೂ ಅಡಗಿಲ್ಲ. ಅಡಿಕೆಯ ವಿಷಯ ಹಾಗಲ್ಲ. ಮಳೆಗಾಲದಲ್ಲಿ ಎಳೆಯ ಅಡಿಕೆಯು ಕೊಳೆತು ಉದುರುವ ಕೊಳೆರೋಗವು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಎಷ್ಟೋ ಮನೆಗಳನ್ನು ಸಾಲಕ್ಕೆ ತಳ್ಳಿತ್ತು. ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಹನಿಯನ್ನು ತಡೆಯುವುದು ಹಿಂದಿನವರು ಕಂಡುಕೊಂಡ ಉಪಾಯ. ಮೈಸೂರು ಸರ್ಕಾರದ ಸಸ್ಯರೋಗತಜ್ಞರಾಗಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯೇ ಕಾರಣವೆಂದೂ ಮೈಲುತುತ್ತವನ್ನೂ ಸುಣ್ಣವನ್ನೂ ಸೇರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸಿದರೆ ತಡೆಯಬಹುದೆಂದೂ ತಿಳಿದುಬಂದಿತು. ಆ ಜೀವಿಯ ಬೀಜಕಣಗಳು ನೀರಿನಲ್ಲಿ ಈಜುತ್ತವೆಯಾದುದರಿಂದ ಮಳೆಗೂ ರೋಗಕ್ಕೂ ಇರುವ ನಂಟು ಅರ್ಥವಾಯಿತು. ಕೊಟ್ಟೆ ಕಟ್ಟುತ್ತಿದ್ದ ಅಜ್ಜನ ಉಪಾಯವು ಏಕೆ ಫಲಿಸುತ್ತಿತ್ತೆಂಬುದೂ ಅರ್ಥವಾಯಿತು. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕ ಇಂದು ತೋಟದವರಿಗೆಲ್ಲ ಬಾಯಿಪಾಠ. ಹಳೆಯ ಕ್ರಮವೋ ಹೊಸ ಕ್ರಮವೋ ಎಂದು ವೇದಿಕೆಯ ಮೇಲೆ ಕೂಗಾಡುವುದರ ಬದಲು, ತಂದೆಯ ಅನುಮತಿ ಪಡೆದು ತೋಟದ ಮೂಲೆಯ ಒಂದೆರಡು ಮರಗಳನ್ನು ಮದ್ದು ಹೊಡೆಯದೆ ಬಿಟ್ಟು, ಒಂದೆರಡಕ್ಕೆ ಕೊಟ್ಟೆ ಕಟ್ಟಿ, ಉದುರಿದ ಕಾಯಿಗಳನ್ನು ಎಣಿಸಿ ತಂದ ವಿದ್ಯಾರ್ಥಿಯ ಮಾತಿಗೆ ಯಾವ ತೂಕವಿದ್ದೀತು!

ಇದಕ್ಕಿಂತ ಕಠಿನವಾದ ವಿಷಯವೊಂದುಂಟು. ಅಡಿಕೆಯು ಕ್ಯಾನ್ಸರಿಗೆ ಕಾರಣವೇ? ವೇಣೂರಿನ ಸೀಮೆಯಲ್ಲಿ ಈ ಪ್ರಶ್ನೆಯನ್ನು ಶಾಲೆಯ ವೇದಿಕೆಯ ಮೇಲೆ ಇಡುವುದೆಂದರೆ ಮಗುವನ್ನು ಅದರ ಮನೆಯ ಅನ್ನದ ಎದುರು ನಿಲ್ಲಿಸಿದಂತೆ. ಹಾಗೆಂದು ಇಡದೆ ಇರುವುದೂ ತರವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೮೫ರಲ್ಲಿ ಈ ವಿಷಯವನ್ನು ಪರಿಶೀಲಿಸಿದಾಗ ಹೊಗೆಸೊಪ್ಪು ಸೇರಿದ ತಾಂಬೂಲವು ಕ್ಯಾನ್ಸರಿಗೆ ಕಾರಣವೆಂದೂ, ಹೊಗೆಸೊಪ್ಪಿಲ್ಲದ ತಾಂಬೂಲದ ವಿಷಯದಲ್ಲಿ ಪ್ರಮಾಣಗಳು ಸಾಲವೆಂದೂ ಹೇಳಿತು. ಮುಂದೆ ತೈವಾನಿನಿಂದ ಅಧ್ಯಯನಗಳು ಬಂದುವು. ಅಲ್ಲಿಯ ಜನರು ಅಡಿಕೆಯನ್ನು ಹೊಗೆಸೊಪ್ಪಿಲ್ಲದೆಯೇ ಜಗಿಯುವವರು. ಆ ಸಂಸ್ಥೆಯು ಪುನಃ ಪರಿಶೀಲಿಸಿ ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೇ ಮೊದಲನೆಯ ವರ್ಗದ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಹತ್ತೊಂಬತ್ತು ವರ್ಷಗಳಲ್ಲಿ ಸಂಸ್ಥೆಯೇ ತನ್ನ ಮಾತನ್ನು ತಿದ್ದಿಕೊಂಡಿತು. ತಿದ್ದಿಕೊಂಡದ್ದು ಯಾರ ವಾಗ್ಮಿತೆಗೂ ಮಣಿದಲ್ಲ, ಹೊಸ ಪ್ರಮಾಣಗಳಿಗೆ ಮಣಿದು. ಇನ್ನು ಬೆಳೆಗಾರರ ಪಕ್ಷದವನು ಹೇಳಬಹುದಾದದ್ದೂ ಇದೆ, ಅದೂ ತರ್ಕಬದ್ಧವಾದದ್ದೇ. ಮೊದಲನೆಯ ವರ್ಗವೆಂಬುದು ಪ್ರಮಾಣಗಳ ಗಟ್ಟಿತನವನ್ನು ಹೇಳುವುದೇ ಹೊರತು ಅಪಾಯದ ಮಟ್ಟವನ್ನಲ್ಲ. ದಿನವೊಂದಕ್ಕೆ ಎಷ್ಟು ಜಗಿದರೆ ಎಷ್ಟು ಅಪಾಯವೆಂಬುದು ಬೇರೆಯ ಪ್ರಶ್ನೆ. ಊಟವಾದಮೇಲೆ ಒಮ್ಮೆ ಹಾಕುವ ವೀಳ್ಯವೂ ಹಗಲೆಲ್ಲ ದವಡೆಯಲ್ಲಿಡುವ ಗುಟ್ಕಾವೂ ಒಂದೇ ಅಲ್ಲ. ಅಡಿಕೆ ಬೆಳೆಯುವುದರಲ್ಲಿ ಭಾರತವೇ ಲೋಕಕ್ಕೆ ಮೊದಲು, ಭಾರತದಲ್ಲಿ ಕರ್ನಾಟಕವೇ ಮೊದಲು. ಹೀಗಿರುವಲ್ಲಿ ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಮಾತಾಡಬಲ್ಲ ಹುಡುಗ ಹುಡುಗಿಯರು ಬೆಳೆಗಾರರ ಮನೆಗಳಿಂದಲೇ ಹೊರಡುವುದು ಆ ಮನೆಗಳಿಗೇ ಹಿತ. ಅಪಾಯವೇ ಇಲ್ಲವೆಂದು ಕೂಗುವ ಮಗನಿಗಿಂತ, ಎಷ್ಟಿದೆಯೆಂದು ಕೇಳುವ ಮಗಳು ತೋಟದ ಮುಂದಿನ ದಿನಗಳಿಗೆ ಹೆಚ್ಚು ಬೇಕಾದವಳು.

ಬೆಳ್ತಂಗಡಿ ತಾಲೂಕಿನವರೇ ಆದ ಕೊಕ್ಕಡದ ಸುತ್ತಿನ ಜನರು ಇಂಥ ಚರ್ಚೆಯ ಅಭಾವದ ಫಲವನ್ನು ಉಂಡವರು. ಗೇರುತೋಪುಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಸುವ ಕ್ರಮವು ಅಲ್ಲಿಯೂ ಗಡಿಯಾಚೆಯ ಕಾಸರಗೋಡಿನಲ್ಲಿಯೂ ವರ್ಷಾನುಗಟ್ಟಲೆ ನಡೆದು ೨೦೦೦ದ ಸುಮಾರಿಗೆ ನಿಂತಿತು. ಬಳಿಕ ಒಂದರ ಹಿಂದೆ ಒಂದಾಗಿ ನೇಮಕವಾದ ಸಮಿತಿಗಳ ವರದಿಗಳು ಒಂದನ್ನೊಂದು ಒಪ್ಪಲಿಲ್ಲ. ಕಡೆಗೆ ೨೦೧೧ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ತ್ಯಜಿಸಲು ನಿಶ್ಚಯಿಸಿದುವು. ಅದೇ ವರ್ಷ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. ವಿಮಾನವು ತಲೆಯ ಮೇಲೆ ಹಾರುತ್ತಿದ್ದ ವರ್ಷಗಳಲ್ಲಿ ಬಾವಿಯ ನೀರನ್ನು ಪರೀಕ್ಷಿಸಿದಿರಾ, ಗಾಳಿ ಬೀಸುವಾಗ ಮದ್ದು ಎಷ್ಟು ದೂರ ಹೋಗುತ್ತದೆ, ಪರೀಕ್ಷಿಸಿದವರು ಯಾರು ಎಂದು ಕೇಳತಕ್ಕ ಅಭ್ಯಾಸವಿದ್ದವರು ಊರೂರಲ್ಲಿ ಹತ್ತು ಮಂದಿ ಇದ್ದಿದ್ದರೆ, ಕೇಳಬೇಕಾದ ಪ್ರಶ್ನೆಗಳು ಇನ್ನೂ ಮೊದಲೇ ಕೇಳಲ್ಪಡುತ್ತಿದ್ದುವು.

ಇನ್ನೊಂದು ವಿಷಯ ನೀರಿನದು. ಸಕಲೇಶಪುರದ ಕಡೆ ಹುಟ್ಟಿ ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರುವ ಎತ್ತಿನಹೊಳೆಯ ನೀರನ್ನು ಎತ್ತಿ ಕೋಲಾರ ಚಿಕ್ಕಬಳ್ಳಾಪುರಗಳ ಕಡೆಗೆ ಒಯ್ಯುವ ಯೋಜನೆಯ ಮೊದಲ ಹಂತವು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾಯಿತು. ಬಯಲುಸೀಮೆಯ ಬಾಯಾರಿಕೆಯೂ ನಿಜ, ಕರಾವಳಿಯ ಆತಂಕವೂ ನಿಜ. ಯೋಜನೆಯು ಎಣಿಸಿದ್ದು ವರ್ಷಕ್ಕೆ ಸುಮಾರು ೨೪ ಟಿ.ಎಂ.ಸಿ. ನೀರು, ಭಾರತೀಯ ವಿಜ್ಞಾನ ಮಂದಿರದ ಅಧ್ಯಯನತಂಡವು ೨೦೧೫ರಲ್ಲಿ ಗಣಿಸಿದ್ದು ೯.೫೫ ಟಿ.ಎಂ.ಸಿ. ಇಲ್ಲಿ ಪರವಿರೋಧಗಳ ಘೋಷಣೆಗಿಂತ ಎಂಟನೆಯ ತರಗತಿಯ ಗಣಿತವೇ ಹೆಚ್ಚು ದೂರ ಒಯ್ಯುತ್ತದೆ. ಒಂದು ಟಿ.ಎಂ.ಸಿ. ಎಂದರೆ ಸುಮಾರು ೨.೮೩ ಕೋಟಿ ಘನಮೀಟರು. ೨೪ಕ್ಕೆ ೬೮ ಕೋಟಿಯಾಯಿತು. ಜಲಾನಯನ ಪ್ರದೇಶವು ಸುಮಾರು ೧೮೦ ಚದರ ಕಿಲೋಮೀಟರು. ಅಷ್ಟು ನೆಲದ ಮೇಲೆ ೬೮ ಕೋಟಿ ಘನಮೀಟರು ನೀರನ್ನು ಹರಡಿದರೆ ಅದು ಸುಮಾರು ೩.೮ ಮೀಟರು ಆಳ ನಿಲ್ಲುತ್ತದೆ. ಹಾಗಾದರೆ ಅಲ್ಲಿ ಬೀಳುವ ಮಳೆ ಎಷ್ಟು, ಅದರಲ್ಲಿ ನೆಲ ಹೀರುವುದೆಷ್ಟು, ಆವಿಯಾಗುವುದೆಷ್ಟು, ಹೊಳೆಯಲ್ಲಿ ಹರಿದುಬರುವುದೆಷ್ಟು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಈ ಲೆಕ್ಕದಿಂದ ಯಾವ ಪಕ್ಷವೂ ಗೆದ್ದಂತಾಗುವುದಿಲ್ಲ; ಆದರೆ ಚರ್ಚೆಯು ಬೀದಿಯಿಂದ ಮಳೆಮಾಪಕದ ಬಳಿಗೆ ಬಂದಂತಾಗುತ್ತದೆ. ಕೋಲಾರದ ಶಾಲೆಯೊಂದೂ ಬೆಳ್ತಂಗಡಿಯ ಶಾಲೆಯೊಂದೂ ಈ ವಿಷಯವನ್ನು ಒಂದೇ ವೇದಿಕೆಯಲ್ಲಿ ಮಾತಾಡುವಂತಾದರೆ ಇನ್ನೂ ಒಳ್ಳೆಯದು.

ಚೀಟಿಯೆತ್ತುವ ಪದ್ಧತಿಯ ಪರವಾಗಿಯೂ ಹೇಳತಕ್ಕದ್ದುಂಟು. ತನಗೆ ಸೇರದ ಪಕ್ಷವನ್ನು ಹಿಡಿದು ಮಾತಾಡಬೇಕಾದ ವಿದ್ಯಾರ್ಥಿಯು ಆ ಪಕ್ಷದವರ ಮನಸ್ಸನ್ನು ಹೊಕ್ಕು ನೋಡುತ್ತಾನೆ. ಇದು ದೊಡ್ಡ ಶಿಕ್ಷಣವೇ. ಸಭಾಕಂಪವೂ ಹೋಗುತ್ತದೆ. ಹಳ್ಳಿಯ ಹೆಣ್ಣುಮಗಳೊಬ್ಬಳು ಮುನ್ನೂರು ಜನರ ಎದುರು ನಿಂತು ಮೂರು ನಿಮಿಷ ನಡುಗದೆ ಮಾತಾಡಿದಳೆಂದರೆ ಆ ಗೆಲುವನ್ನು ಹಗುರವಾಗಿ ಕಾಣಕೂಡದು. ಆದರೆ ಈ ಲಾಭ ಸಿಗಬೇಕಾದರೆ ಒಬ್ಬನೇ ವಿದ್ಯಾರ್ಥಿಯು ಅದೇ ದಿನ ಎರಡು ಪಕ್ಷಗಳನ್ನೂ ಹಿಡಿದು ಮಾತಾಡತಕ್ಕದ್ದು. ಒಂದೇ ಪಕ್ಷಕ್ಕೆ ಕಟ್ಟಿಹಾಕಿ ಕಳುಹಿದರೆ ಅವನು ವಕೀಲನ ಗುಮಾಸ್ತನಾಗಿ ಮನೆಗೆ ಹೋಗುತ್ತಾನೆ.

ಭಾಷೆಯ ತೊಡಕನ್ನೂ ಮರೆಯಕೂಡದು. ವೇಣೂರಿನ ಮಗುವಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಾರಿಭಾಷಿಕ ಪದಗಳಲ್ಲಿ ಇಂಗ್ಲಿಷು. ತೋಟದಲ್ಲಿ ಮಹಾಳಿಯೆಂದು ಕೇಳಿದ್ದೇ ಪಾಠದಲ್ಲಿ ಕೊಳೆರೋಗವಾಗಿ, ದೊಡ್ಡ ಪುಸ್ತಕದಲ್ಲಿ ಫೈಟಾಫ್ತೊರಾ ಆಗಿ ನಿಲ್ಲುತ್ತದೆ. ಮೂರೂ ಒಂದೇ ಎಂಬುದು ಎಷ್ಟೋ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಮಾತಾಡಲು ಬರುವುದಿಲ್ಲವೆಂಬುದು ಸೋಮಾರಿಗಳ ಮಾತು. ೧೯೧೮ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಯಿಸಿದರು. ಎರಡು ವರ್ಷಗಳಲ್ಲಿ ಅದು ನಿಂತುಹೋದದ್ದು ಭಾಷೆಯ ದೋಷದಿಂದಲ್ಲ. ೧೯೩೦ರ ದಶಕದಲ್ಲಿ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನು ಬರೆದರು. ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಗಿ ಬಾಲವಿಜ್ಞಾನ ಪತ್ರಿಕೆಯ ಮೂಲಕ ಹಳ್ಳಿಯ ಶಾಲೆಗಳನ್ನು ಮುಟ್ಟಿತು. ಆದುದರಿಂದ ಸ್ಪರ್ಧೆಯಲ್ಲಿ ಇಂಗ್ಲಿಷಿನ ಬೆಡಗಿಗೆ ಪ್ರತ್ಯೇಕವಾದ ಅಂಕ ಕೊಡುವುದು ಅನ್ಯಾಯ. ತೀರ್ಪುಗಾರರ ಪ್ರಶ್ನೆಗೆ ಬಾಲಕನು ತುಳುವಿನಲ್ಲಿ ಉತ್ತರಿಸಿದರೂ ವಿಷಯ ಸರಿಯಿದ್ದರೆ ಅದು ಸರಿಯೇ.

ನಾಡಿನ ಮಠಗಳ ಆಶ್ರಯದಲ್ಲಿ ಪ್ರೌಢಶಾಲೆಗಳೂ ಉಚಿತ ಪ್ರಸಾದನಿಲಯಗಳೂ ಬಹುಕಾಲದಿಂದ ನಡೆಯುತ್ತಿವೆ. ಸಿದ್ಧಗಂಗೆಯಲ್ಲಿಯೂ ಧಾರವಾಡದ ಮುರುಘಾಮಠದಲ್ಲಿಯೂ ಪ್ರಸಾದನಿಲಯಗಳು ಪ್ರಾರಂಭವಾದದ್ದು ೧೯೧೭ರಲ್ಲಿ. ಹೊಸ ಕ್ರಮವನ್ನು ಪ್ರಯೋಗಿಸಿ ನೋಡಲು ಇಂಥ ಶಾಲೆಗಳಿಗೆ ಇಲಾಖೆಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಮಾತಾಡಲು ಎದ್ದವನು ಮೊದಲು ಎದುರಾಳಿಯ ಪಕ್ಷವನ್ನು ತನ್ನ ಮಾತಿನಲ್ಲಿ ಹೇಳತಕ್ಕದ್ದು, ಹೌದು, ನನ್ನ ಅಭಿಪ್ರಾಯ ಇದೇ ಎಂದು ಎದುರಾಳಿಯು ಒಪ್ಪಿದಮೇಲೆಯೇ ತನ್ನ ಉತ್ತರವನ್ನು ಪ್ರಾರಂಭಿಸತಕ್ಕದ್ದು. ಈ ಒಂದು ನಿಯಮವೇ ಅರ್ಧ ಜಲ್ಪವನ್ನು ಅಡಗಿಸುತ್ತದೆ. ಕಡೆಯ ಸರದಿಯಲ್ಲಿ ಪ್ರತಿಯೊಬ್ಬರೂ ಎದುರು ಪಕ್ಷದ ಯಾವ ಮಾತನ್ನು ಒಪ್ಪಿದೆವೆಂದು ಹೇಳಲಿ, ಅದಕ್ಕೆ ಅಂಕವಿರಲಿ. ಗೊತ್ತಿಲ್ಲವೆಂದು ನಿಜವನ್ನು ಹೇಳಿದವನಿಗೆ ಅಂಕ ಕಳೆಯದಿರಲಿ. ಸ್ವತಃ ಅಳೆದು ಎಣಿಸಿ ಬರೆದ ಪುಸ್ತಕವೊಂದು ಪ್ರತಿ ಸ್ಪರ್ಧಿಯ ಕೈಯಲ್ಲಿರಬೇಕು; ತೀರ್ಪುಗಾರರು ಭಾಷಣಕ್ಕೆ ಮೊದಲು ಅದನ್ನು ಓದಿರಬೇಕು. ತೀರ್ಪುಗಾರರಲ್ಲಿ ಭಾಷಾಪಂಡಿತರೊಬ್ಬರು ಸಾಕು. ಉಳಿದವರು ವಿಷಯವನ್ನು ಕೈಯಾರೆ ಬಲ್ಲವರಾಗಿರಲಿ. ಅಡಿಕೆಯ ವಿಷಯಕ್ಕೆ ವಿಟ್ಲದ ಸಂಶೋಧನ ಕೇಂದ್ರದವರು ಇದ್ದಾರೆ, ೧೯೫೬ರಿಂದ ಅಲ್ಲಿ ಈ ಬೆಳೆಯ ಅಭ್ಯಾಸ ನಡೆಯುತ್ತಿದೆ. ಅವರ ಪಕ್ಕದಲ್ಲಿ ನಲವತ್ತು ಮಳೆಗಾಲ ಕಂಡ ಕೃಷಿಕರೊಬ್ಬರು ಕೂರಲಿ. ಇನ್ನು ವಿಷಯವನ್ನು ಪ್ರಕಟಿಸುವ ಕಾಲ. ಈಗಿನಂತೆ ಸ್ಪರ್ಧೆಗೆ ಒಂದು ವಾರ ಮೊದಲು ಪ್ರಕಟಿಸಿದರೆ ಪುಸ್ತಕದ ವಿಷಯವಲ್ಲದೆ ಬೇರೇನೂ ಬರಲಾರದು. ಕೊಳೆರೋಗದ ಮೊದಲ ಮದ್ದು ಮಳೆ ಹಿಡಿಯುವ ಮೊದಲು ಬೀಳುತ್ತದೆ, ಎರಡನೆಯದು ಅದಾದ ನಲವತ್ತು ನಲವತ್ತೈದು ದಿನಗಳಿಗೆ. ವೇಣೂರಿನ ಹುಡುಗಿಯೊಬ್ಬಳು ಹತ್ತು ಮರಗಳ ಬುಡದಲ್ಲಿ ಉದುರಿದ ಎಳೆಯ ಅಡಿಕೆಗಳನ್ನು ಮಳೆಗಾಲ ಮುಗಿಯುವವರೆಗೆ ಎಣಿಸಿ ಬರೆದಿಡಬೇಕಾದರೆ, ಚರ್ಚೆಯು ನವೆಂಬರಿನಲ್ಲಿ ನಡೆಯುವುದಾದರೂ, ವಿಷಯವು ಆಕೆಗೆ ಶಾಲೆ ತೆರೆದ ಮೊದಲ ವಾರವೇ ತಿಳಿದಿರತಕ್ಕದ್ದು.